ಕ್ಲಾರೆನ್ಸನ ರಿವಾಲ್ವರ್ ಉಜ್ಜಿದ ಚಳಿಗಾಲ

ಅಮೆರಿಕದ ಡೆಟ್ರಾಯಿಟ್ ಪಕ್ಕದ ಫಾರ್ಮಿಂಗ್ಟನ್ ಹಿಲ್ಸ್‌ನ ಆ ಬಡಾವಣೆಯಲ್ಲಿ ಯಾರ ಮನೆಯ ಕತ್ತರಿ ಮೊಂಡಾದರೂ ಅದು ಕೊನೆಗೆ ಬಂದು ಸೇರುತ್ತಿದ್ದುದು ಪದ್ಮಳ ಗ್ಯಾರೇಜಿಗೆ. ಅಡುಗೆಯ ಚಾಕು, ಊರಿಂದ ಸೂಟ್‌ಕೇಸಿನಲ್ಲಿ ಬಂದ ಈಳಿಗೆಮಣೆ, ಕನ್ನಡ ಕೂಟದವರ ಮನೆಯ ಕಲೆಗಟ್ಟಿದ ಸ್ಟೀಲಿನ ಕೊಳಗ, ಎಲ್ಲಕ್ಕೂ ಅಲ್ಲಿ ಜಾಗವಿತ್ತು. ಹಾಗಾಗಿ ಜನವರಿಯ ಒಂದು ಬೆಳಿಗ್ಗೆ ರಸ್ತೆಯಾಚೆ ಮನೆಯ ಡೊಲೋರೆಸ್, ಹಳದಿ ಟವೆಲ್ಲಿನಲ್ಲಿ ಸುತ್ತಿದ ಏನನ್ನೋ ಎದೆಗವಚಿಕೊಂಡು ಹಿಮದ ಮೇಲೆ ಹುಷಾರಾಗಿ ಕಾಲೂರುತ್ತ ಬಂದಾಗ, ಹೊಲಿಗೆಯ ದೊಡ್ಡ ಕತ್ತರಿ ಮತ್ತೆ ಮೊಂಡಾಗಿರಬೇಕು ಎಂದುಕೊಂಡಳು ಪದ್ಮ.

ಟವೆಲ್ ಬಿಚ್ಚಿದಾಗ ಕಂಡದ್ದು ರಿವಾಲ್ವರ್.

"ಹೆದರಬೇಡ, ಖಾಲಿ ಇದೆ," ಅಂದಳು ಡೊಲೋರೆಸ್. ಪಕ್ಕದ ಗುಂಡಿ ಒತ್ತಿ, ಗುಂಡು ತುಂಬುವ ಸಿಲಿಂಡರನ್ನು ಹೊರಕ್ಕೆ ತೆರೆದು, ಕಿಟಕಿಯ ಕಡೆ ಎತ್ತಿ ಹಿಡಿದಳು. ಆರೂ ತೂತುಗಳಲ್ಲಿ ಹಿಮದ ಬೆಳಕು ಕಂಡಿತು. "ಕ್ಲಾರೆನ್ಸ್ ನನಗೆ ಮೊದಲು ಕಲಿಸಿದ್ದೇ ಇದು. ದೇವರೇ ಬಂದು ಕೈಗೆ ಕೊಟ್ಟರೂ ನೀನು ತೆರೆದು ನೋಡು ಅಂತಿದ್ದ."

ಕ್ಲಾರೆನ್ಸ್ ಆಕೆಯ ಗಂಡ. ಡೆಟ್ರಾಯಿಟ್ ನಗರದಲ್ಲಿ ಬಸ್ ಓಡಿಸುತ್ತಿದ್ದವನು, ತೀರಿಕೊಂಡು ಎರಡು ವರ್ಷವಾಗಿತ್ತು. ಆ ರಿವಾಲ್ವರನ್ನು ಅವನೂ ಹೊಸದಾಗಿ ಕೊಂಡಿರಲಿಲ್ಲ, ಜೊತೆಯ ಡ್ರೈವರೊಬ್ಬನಿಂದ ತೆಗೆದುಕೊಂಡಿದ್ದ. ಅವನು ಹೋದ ಮೇಲೆ ಅದು ಚರ್ಮದ ಚೀಲದೊಳಗೆ ಬೇಸ್‌ಮೆಂಟಿನ ಕಪಾಟಿನಲ್ಲೇ ಉಳಿಯಿತು. ಕಳೆದ ಬೇಸಿಗೆಯ ಮಳೆಗೆ ಬೇಸ್‌ಮೆಂಟಿನೊಳಗೆ ನೀರು ನುಗ್ಗಿದಾಗ ಚೀಲ ನೆನೆಯಿತು. ಸೋಫಾ, ಕಾರ್ಪೆಟ್ ಒಣಗಿಸುವ ಗಡಿಬಿಡಿಯಲ್ಲಿ ಅದರ ನೆನಪು ಯಾರಿಗಿರಬೇಕು? ಈಗ ತೆಗೆದು ನೋಡಿದರೆ ನಳಿಕೆಯ ಉದ್ದಕ್ಕೂ ಕಂದು ಚುಕ್ಕೆ, ಮೈಯೆಲ್ಲ ಮಬ್ಬು.

"ಮೊಮ್ಮಗಳು ಟಮಾರಾ ಮೇ ತಿಂಗಳಲ್ಲಿ ಪೊಲೀಸ್ ಅಕಾಡೆಮಿ ಮುಗಿಸ್ತಾಳೆ. ಕೆಲಸಕ್ಕೆ ಅವರೇ ಬೇರೆ ಗನ್ ಕೊಡ್ತಾರೆ, ಇದು ಬೇಕಾಗಿಲ್ಲ. ಆದರೆ ತಾತ ಇದು ನಿನಗೇ ಅಂತ ಹೇಳಿಟ್ಟಿದ್ದ. ಈ ಅವತಾರದಲ್ಲಿ ಹೇಗೆ ಕೊಡಲಿ? ಗನ್ ಅಂಗಡಿಯವನು ಮಷೀನಿಗೆ ಹಿಡಿದು ಕನ್ನಡಿ ಮಾಡ್ತೀನಿ ಅಂದ. ನನಗೆ ಕನ್ನಡಿ ಬೇಡ ಪ್ಯಾಡ್ಮಾ, ಕ್ಲಾರೆನ್ಸನ ಗನ್ ಬೇಕು."

ಪದ್ಮ ಅದುವರೆಗೆ ಬಂದೂಕು ಜಾತಿಯ ಯಾವುದನ್ನೂ ಮುಟ್ಟಿದವಳಲ್ಲ. ಆದರೆ ಕೈಗೆತ್ತಿಕೊಂಡಾಗ ಅವಳ ಕಣ್ಣಿಗೆ ಬಿದ್ದದ್ದು ಬಂದೂಕಲ್ಲ, ಉಕ್ಕು. ಉಗುರಿನಿಂದ ಒಂದು ಚುಕ್ಕೆಯನ್ನು ಕೆರೆದು ನೋಡಿದಳು. ಹೆಚ್ಚಿನವು ಮೇಲುಮೇಲಿನವು, ನಾಲ್ಕಾರು ಮಾತ್ರ ಒಳಕ್ಕೆ ಕೊರೆದಿದ್ದವು.

"ಸ್ಟೇನ್‌ಲೆಸ್‌ಗೂ ತುಕ್ಕು ಹಿಡಿಯುತ್ತಾ?" ಎಂದು ಕೇಳಿದಳು ಡೊಲೋರೆಸ್.

"ಹಿಡಿಯುತ್ತೆ. ಒದ್ದೆ ಚರ್ಮದಲ್ಲಿ ಉಪ್ಪಿನಂಶ ಇರುತ್ತೆ. ಗಾಳಿಯಾಡದ ಹಾಗೆ ಮುಚ್ಚಿಟ್ಟರೆ ಎಂಥ ಸ್ಟೀಲನ್ನೂ ತಿನ್ನುತ್ತೆ."

ಅಷ್ಟು ಹೊತ್ತಿಗೆ ಅಡುಗೆಮನೆಯ ಬಾಗಿಲು ತೆರೆದು ಗಂಡ ವೆಂಕಟರಾಮು ಇಣುಕಿದರು. ಸೌತ್‌ಫೀಲ್ಡಿನ ಆಫೀಸು ಗೋಪುರಗಳಲ್ಲಿ ಪ್ರೋಗ್ರಾಮು ಬರೆದೇ ಕೂದಲು ಬೆಳ್ಳಗಾಗಿಸಿಕೊಂಡ ಮನುಷ್ಯ; ಪಟಾಕಿಗೂ ಕಿವಿ ಮುಚ್ಚಿಕೊಳ್ಳುವವರು. ಮೇಜಿನ ಮೇಲಿದ್ದದ್ದನ್ನು ಕಂಡು ಹೊಸ್ತಿಲಲ್ಲೇ ನಿಂತರು. ಡೊಲೋರೆಸ್‌ಗೆಂದು ತಂದುಕೊಂಡಿದ್ದ ನಗು ಮುಖದಲ್ಲಿ ಹಾಗೇ ಇತ್ತು, ಮಾತು ಮಾತ್ರ ಕನ್ನಡಕ್ಕೆ ತಿರುಗಿತು.

"ಪದ್ಮ, ಅದು ಗನ್ ಕಣೇ."

"ಗೊತ್ತು ರೀ."

"ಗೊತ್ತು ಅಂತಾಳೆ ನೋಡು! ನಮ್ಮನೇಲಿ ಗನ್ನಾ? ಜಾನ್ವಿಗೆ ಗೊತ್ತಾದ್ರೆ ಶಿಕಾಗೋದಿಂದ ಓಡಿ ಬರ್ತಾಳೆ, ನಮ್ಮಿಬ್ರಿಗೂ ತಲೆ ಕೆಟ್ಟಿದೆ ಅಂತ."

"ಪಾಪ, ಗಂಡನ ವಸ್ತು ರೀ. ನೀವು ಮೊದ್ಲು ಆ ಹಲ್ಲು ಕಿಸಿಯೋದು ನಿಲ್ಸಿ, ಅವರಿಗೆ ಅರ್ಥ ಆಗ್ತಿದೆ."

ಡೊಲೋರೆಸ್‌ಗೆ ನಿಜಕ್ಕೂ ಅರ್ಥವಾಗಿತ್ತು. ಬಂದೂಕು ತನ್ನ ಹೆಸರಿನಲ್ಲೇ ದಾಖಲಾಗಿದೆ, ಪ್ರತಿ ಸಲ ತಾನೇ ತರುತ್ತೇನೆ, ಕೆಲಸ ಮುಗಿಯುವವರೆಗೆ ಪಕ್ಕದಲ್ಲೇ ಕೂತಿದ್ದು ತಾನೇ ವಾಪಸು ಒಯ್ಯುತ್ತೇನೆ ಎಂದು ಭರವಸೆ ಕೊಟ್ಟಳು. ಗುಂಡು ಒಂದೇ ಒಂದೂ ತಮ್ಮ ಡ್ರೈವ್‌ವೇ ದಾಟಬಾರದು ಎಂದು ವೆಂಕಟರಾಮು ಷರತ್ತು ಹಾಕಿ, ಬಾಗಿಲೆಳೆದುಕೊಂಡು ಒಳಗೆ ಹೋದರು.

ಪದ್ಮ ಮೈಸೂರಿನ ನಜರ್‌ಬಾದಿನವಳು. ಮಹಾರಾಣಿ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಮದುವೆಯಾಗಿ, ಚಳಿಗಾಲದ ನಟ್ಟನಡುವೆ ಡೆಟ್ರಾಯಿಟ್ ವಿಮಾನ ನಿಲ್ದಾಣದಲ್ಲಿ ಚಪ್ಪಲಿ ಹಾಕಿಕೊಂಡು ಇಳಿದವಳು. ಮಗಳು ಜಾನ್ವಿ ಸ್ಕೂಲಿಗೆ ಹೋಗತೊಡಗಿದ ಮೇಲೆ ಮನೆಯಲ್ಲಿ ಕೂರಲಾರದೆ ಕೆಲಸ ಹುಡುಕಿದಳು. ಸಿಕ್ಕಿದ್ದು ಸೌತ್‌ಫೀಲ್ಡಿನ ಒಂದು ಪುಟ್ಟ ಶಾಪು, ಆಸ್ಪತ್ರೆಗಳಿಂದ ಬರುವ ಆಪರೇಷನ್ ಕತ್ತರಿ, ಚಿಮಟಗಳನ್ನು ಹರಿತ ಮಾಡಿ, ಉಜ್ಜಿ, ಹೊಸದರಂತೆ ಕಳಿಸುವ ಜಾಗ. ಅಲ್ಲಿ ಐರೀನ್ ಎಂಬ ವಯಸ್ಸಾದ ಹೆಂಗಸು ಅವಳಿಗೆ ಕೈಹಿಡಿದು ಕಲಿಸಿದಳು. ಚಿಮಟದ ಎರಡು ತುದಿ ಕೂಡಿದರೆ ನಡುವೆ ಕೂದಲೆಳೆಯೂ ಜಾರಬಾರದು, ಕತ್ತರಿ ಬುಡದಿಂದ ತುದಿಯವರೆಗೆ ತಡವರಿಸದೆ ಕತ್ತರಿಸಬೇಕು. ಅರವತ್ತು ದಾಟುವವರೆಗೂ ಪದ್ಮ ಅದೇ ಕೆಲಸ ಮಾಡಿದಳು. ಯಾರದೋ ಹೊಟ್ಟೆ ಹೊಲಿಯುವ ಚಿಮಟ ತನ್ನ ಕೈಯಿಂದ ಹೋಗಿದೆ ಎಂಬ ಹೆಮ್ಮೆ ಅವಳಿಗಿತ್ತು, ಯಾರ ಮುಂದೆಯೂ ಹೇಳಿಕೊಂಡವಳಲ್ಲ ಅಷ್ಟೆ.

ಕೆಲಸ ಬಿಟ್ಟಾಗ, ಸಾಕಾಯಿತು, ಇನ್ನು ಆರಾಮಾಗಿರುತ್ತೇನೆ ಎಂದಿದ್ದಳು. ಅದು ಪೂರ್ತಿ ನಿಜವಲ್ಲ. ಬಲಗೈ ನಡುಗತೊಡಗಿತ್ತು. ಸುಮ್ಮನಿದ್ದಾಗ ಏನಿಲ್ಲ, ಸೂಜಿಗೆ ದಾರ ಪೋಣಿಸಲು, ಚಮಚ ಎತ್ತಲು ಹೋದರೆ ಮಾತ್ರ ಬೆರಳು ಅವಳ ಮಾತು ಕೇಳುತ್ತಿರಲಿಲ್ಲ. ಅವಳ ಅಪ್ಪ ಡ್ರಾಯಿಂಗ್ ಮೇಷ್ಟ್ರು. ಒಂದೇ ಎಳೆತಕ್ಕೆ ನವಿಲು ಬರೆಯುತ್ತಿದ್ದ ಆ ಕೈ ಕೊನೆಗೆ ಪಾರ್ಕಿನ್ಸನ್ ಕಾಯಿಲೆಯಲ್ಲಿ ತುತ್ತು ಎತ್ತಲಾರದೆ, ಅಮ್ಮನೇ ಕಲಸಿ ಬಾಯಿಗಿಡಬೇಕಾಗಿತ್ತು. ತನಗೂ ಅದೇ ಬಂತು ಎಂದು ಪದ್ಮ ಮನಸ್ಸಿನಲ್ಲೇ ತೀರ್ಮಾನಿಸಿ, ಡಾಕ್ಟರ ಹತ್ತಿರ ಹೋಗದೆ, ಯಾರೊಡನೆಯೂ ಬಾಯಿಬಿಡದೆ ಹೊಟ್ಟೆಯಲ್ಲಿಟ್ಟುಕೊಂಡಳು. ನೆರೆಯವರ ಚಾಕು ಹರಿತ ಮಾಡುವುದಕ್ಕೆ ಅಷ್ಟು ನಯದ ಕೈ ಬೇಕಿರಲಿಲ್ಲ. ರಿವಾಲ್ವರ್ ಬೇರೆ ಮಾತು. ಅದು ಗೊತ್ತಿದ್ದೂ ಒಪ್ಪಿಕೊಂಡಳು. ಇನ್ನೊಂದು ಸಲ, ಒಂದೇ ಸಲ, ಸರಿಯಾದ ಕೆಲಸ ಮಾಡಬೇಕೆಂಬ ಆಸೆ.

ಶುರುವಿನಲ್ಲಿ ಎಲ್ಲ ಸುಸೂತ್ರವಾಗಿ ನಡೆಯಿತು. ಮರದ ಹಿಡಿ ಬಿಚ್ಚಿದಳು. ಒಂದೇ ಒಂದು ಸ್ಕ್ರೂ ತೆಗೆದರೆ ಸಿಲಿಂಡರ್ ಮುಂದಕ್ಕೆ ಜಾರಿ ಕೈಗೆ ಬಂತು. ಒಳಗಿನ ಸ್ಪ್ರಿಂಗು, ಟ್ರಿಗರಿನ ಗೊಡವೆಗೆ ಹೋಗಲಿಲ್ಲ. ಅದು ಗನ್ ರಿಪೇರಿಯವನು ನೋಡಬೇಕಾದ ಭಾಗ. ಕಂಪನಿಯ ಅಕ್ಷರಗಳ ಮೇಲೂ ನಂಬರಿನ ಮೇಲೂ ಟೇಪು ಅಂಟಿಸಿದಳು. ಸೀಮೆಎಣ್ಣೆಯಲ್ಲಿ ತೊಳೆದು, ಹಳೆಯ ಮಸಿ, ಜಿಡ್ಡು ತೆಗೆದು, ಉಪ್ಪುಕಾಗದದಂಥ ಎಮರಿ ಪೇಪರಿಗೆ ಎಣ್ಣೆ ಹನಿಸಿ ಉಜ್ಜತೊಡಗಿದಳು. ಉಜ್ಜುವುದೆಂದರೆ ಪಾತ್ರೆ ತಿಕ್ಕಿದ ಹಾಗೆ ಗುಂಡಗೆ ಅಲ್ಲ. ಕಾರ್ಖಾನೆಯಲ್ಲಿ ಉಕ್ಕಿನ ಮೇಲೆ ಸಣ್ಣ ಗೆರೆ ಯಾವ ದಿಕ್ಕಿಗೆ ಎಳೆದಿದ್ದರೋ ಅದೇ ದಿಕ್ಕಿಗೆ, ಒರಟು ಪೇಪರಿನಿಂದ ನಯದ ಪೇಪರಿಗೆ ಇಳಿಯುತ್ತ. ಅವಸರ ಮಾಡಿದರೆ ಅಂಚುಗಳು ಸವೆದು ಸಾಬೂನಿನ ಬಿಲ್ಲೆಯಂತಾಗುತ್ತವೆ.

ಡೊಲೋರೆಸ್ ಕೋಟು ಹೊದ್ದು ಹೀಟರಿನ ಪಕ್ಕ ಕೂತು ಕಥೆ ಹೇಳುತ್ತಿದ್ದಳು. ಕ್ಲಾರೆನ್ಸ್ ಜೀವಮಾನದಲ್ಲಿ ಆ ರಿವಾಲ್ವರಿನಿಂದ ಕೊಂದದ್ದು ಬೀನ್ಸ್ ಡಬ್ಬಿಗಳನ್ನು ಮಾತ್ರ. ವರ್ಷಕ್ಕೊಮ್ಮೆ ಉತ್ತರದ ಕಾಡಿನ ಕಡೆ ತಮ್ಮನ ಜಮೀನಿಗೆ ಹೋಗಿ ಬೇಲಿಗೂಟದ ಮೇಲೆ ಡಬ್ಬಿ ಜೋಡಿಸಿ ಹೊಡೆಯುವನು. ಟಮಾರಾ ಪುಟ್ಟವಳಿದ್ದಾಗಿನಿಂದ ಬಿದ್ದ ಡಬ್ಬಿ ಎಣಿಸುವ ಕೆಲಸ ಅವಳದು, ತಾತ ಗೆಲ್ಲಲೆಂದು ಎರಡು ಜಾಸ್ತಿ ಹೇಳುತ್ತಿದ್ದಳಂತೆ. ಪದ್ಮ ನಗುತ್ತ, ಕೇಳುತ್ತ, ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಅದುಮಿ ಹಿಡಿದು ಉಜ್ಜುತ್ತಿದ್ದಳು. ಹಾಗೆ ಹಿಡಿದದ್ದು ಡೊಲೋರೆಸ್‌ಗೆ ವಿಚಿತ್ರವೆನಿಸಲಿಲ್ಲ. ನಳಿಕೆ ಮೆಲ್ಲಗೆ ಬೂದುಬಿಳುಪಿಗೆ ತಿರುಗಿತು.

ಎಡವಟ್ಟಾದದ್ದು ನಳಿಕೆಯ ಕೆಳಗಿನ ಸಂದಿನಲ್ಲಿ. ಅಲ್ಲಿ ಬೆರಳು ಹೋಗುತ್ತಿರಲಿಲ್ಲ. ಕೈಯಲ್ಲಿ ಹಿಡಿಯುವ ಪುಟ್ಟ ಗ್ರೈಂಡರ್ ಇತ್ತು, ಶಾಪಿನಲ್ಲಿ ಅಂಥದನ್ನು ಪೆನ್ಸಿಲಿನಂತೆ ಆಡಿಸಿದವಳು. ಬೇಡ ಎಂದು ಮನಸ್ಸು ಹೇಳಿದರೂ ಸ್ವಿಚ್ಚು ಹಾಕಿದಳು. ಎರಡು ಚುಕ್ಕೆ ಚೆನ್ನಾಗಿಯೇ ಹೋದವು. ಮೂರನೆಯದಕ್ಕೆ ಬೆರಳು ಹಾರಿತು. ಕಿರ್ರೆಂದು ತುದಿ ಸಂದಿನಿಂದ ಜಿಗಿದು, ರಿವಾಲ್ವರಿನ ಪಕ್ಕದ ಸಪಾಟು ಮೈಮೇಲೆ ಕೊಕ್ಕೆಯಂಥ ಗೀರು ಎಳೆದು ನಿಂತಿತು. ತುಕ್ಕು ಕೂಡ ಅಷ್ಟು ಆಳ ಕೊರೆದಿರಲಿಲ್ಲ.

ಡೊಲೋರೆಸ್ ಆಗ ಫೋನಿನಲ್ಲಿ ಮಗಳೊಡನೆ ಮಾತಾಡುತ್ತಿದ್ದಳು, ನೋಡಿರಲಿಲ್ಲ. ಪದ್ಮ ಟವೆಲ್ ಎಳೆದು ಮುಚ್ಚಿ, "ಇವತ್ತಿಗೆ ಸಾಕು, ತಲೆ ನೋಯ್ತಿದೆ," ಎಂದಳು. ಡೊಲೋರೆಸ್ ಟವೆಲ್ ಸಮೇತ ಎತ್ತಿಕೊಂಡು ಹೋದಳು. ಮರುದಿನ ಬರಲೇ ಎಂದು ಕೇಳಿದ್ದಕ್ಕೆ ಪದ್ಮ ನೆಗಡಿಯ ನೆಪ ಹೇಳಿದಳು. ಅದರ ಮರುದಿನವೂ ನೆಗಡಿಯೇ.

ಆ ವಾರವೆಲ್ಲ ಗ್ಯಾರೇಜಿನ ದೀಪ ಹೊತ್ತಲಿಲ್ಲ. ಶನಿವಾರ ತಿಂಡಿಯ ಹೊತ್ತಿನಲ್ಲಿ ವೆಂಕಟರಾಮು ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕಿಟ್ಟು ಕೇಳಿದರು:

"ಏನಾಯ್ತು ಹೇಳು."

"ಏನಿಲ್ಲ."

"ಕೈಯಾ?"

ಪದ್ಮ ತಲೆಯೆತ್ತಿದಳು.

"ನಂಗೊತ್ತು ಕಣೇ. ಒಂದು ವರ್ಷದ ಮೇಲಾಯ್ತು. ನಿನ್ನ ಲೋಟಕ್ಕೆ ಕಾಫಿ ಮುಕ್ಕಾಲೇ ಹಾಕ್ತಿರೋದು ಯಾಕೆ ಅಂದ್ಕೊಂಡಿದೀಯ? ಜಿಪುಣತನಕ್ಕಾ?"

ಅವಳಿಗೆ ಒಂದೊಂದಾಗಿ ಹೊಳೆಯಿತು. ಕಾಫಿ ಮಾತ್ರವಲ್ಲ. ಕೂಟದ ಯುಗಾದಿಗೆ ಹೋದಾಗ ಅವಳ ತಟ್ಟೆಯನ್ನೂ ತಾವೇ ಹಿಡಿದುಕೊಂಡು ಬರುತ್ತಿದ್ದರು. ಚೆಕ್ಕಿಗೆ ಸಹಿ ಬೇಕಾದರೆ, ನೀನು ಕೂತ್ಕೊಂಡು ನಿಧಾನವಾಗಿ ಹಾಕು ಎನ್ನುತ್ತಿದ್ದರು. ಅವಳ ಕೋಟಿನ ಗುಂಡಿ ಹಾಕುವಾಗ, ಚಳಿ ಚಳಿ ಎಂದು ಗೊಣಗುತ್ತ ಹಾಕುತ್ತಿದ್ದರು. ಇವಳು ಮುಚ್ಚಿಟ್ಟದ್ದನ್ನು ಅವರು ಕಂಡೂ ಕಾಣದಂತೆ ಇನ್ನೊಂದು ಮಗ್ಗುಲಿನಿಂದ ಮುಚ್ಚಿಟ್ಟಿದ್ದರು.

"ಮತ್ಯಾಕೆ ಹೇಳ್ಲಿಲ್ಲ ನೀವು?"

"ನೀನಾಗೇ ಹೇಳ್ತೀಯ ಅಂತ ಕಾದೆ. ಮಾವನೋರನ್ನ ನೋಡಿದೀನಲ್ಲ, ನಂಗೂ ಭಯ."

ಪದ್ಮ ಸ್ವೆಟರಿನ ತೋಳಿನಲ್ಲೇ ಕಣ್ಣೊರೆಸಿಕೊಂಡಳು. ಗೀರು ಬಿದ್ದ ಕಥೆಯನ್ನೆಲ್ಲ ಹೇಳಿದಳು. ವೆಂಕಟರಾಮು ಎದ್ದು ಅವಳ ಬೂಟು ತಂದು ಮುಂದಿಟ್ಟರು. "ನಡಿ. ಅವರ ಮುಂದೆ ಹೇಳ್ಬಿಡೋಣ. ಅವರ ಗಂಡನ ವಸ್ತು, ಅವರಿಗೆ ಗೊತ್ತಾಗ್ಬೇಕು."

ಡೊಲೋರೆಸ್ ಆಗಲೇ ಗೀರನ್ನು ನೋಡಿದ್ದಳು. ಅಂದು ಮನೆಗೆ ಹೋಗಿ ಟವೆಲ್ ಬಿಚ್ಚಿದಾಗಲೇ ನೋಡಿದ್ದಳು. ಯಾಕೆ ಕೇಳಲಿಲ್ಲವೆಂದರೆ, "ನೀನು ಬರ್ತೀಯ ಅಂತ ಗೊತ್ತಿತ್ತು. ಬರದಿದ್ದರೆ ನಾನೇ ಸೂಪು ಮಾಡ್ಕೊಂಡು ಬರ್ತಿದ್ದೆ, ನೆಗಡಿಗೆ," ಎಂದಳು. ಕೈಯ ವಿಷಯ ಕೇಳಿದ ಮೇಲೆ ಸ್ವಲ್ಪ ಹೊತ್ತು ಪದ್ಮಳ ಬಲಗೈಯನ್ನು ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡಳು. ಆಮೇಲೆ ಕೇಳಿದಳು: "ಇದನ್ನು ಸರಿ ಮಾಡಬಹುದಾ?"

"ಮಾಡಬಹುದು. ಆ ಬದಿಯ ಮೈಯನ್ನೆಲ್ಲ ಗೀರಿನ ಆಳಕ್ಕೆ ಸಮನಾಗಿ ಉಜ್ಜಿ ಇಳಿಸಬೇಕು. ನನ್ನ ಕೈಯಲ್ಲಿ ಆಗಲ್ಲ."

"ಯಾರ ಕೈಯಲ್ಲಿ ಆಗುತ್ತೆ?"

ಇಬ್ಬರೂ ವೆಂಕಟರಾಮು ಕಡೆ ತಿರುಗಿದರು. ಅವರು ಹಿಂದಕ್ಕೊಮ್ಮೆ ನೋಡಿದರು, ಅಲ್ಲಿ ಯಾರೂ ಇರಲಿಲ್ಲ.

"ನಾನಾ? ಜಪ್ಪಯ್ಯ ಅಂದ್ರೂ ಮುಟ್ಟಲ್ಲ!"

ಮುಟ್ಟಿದರು. ಕೆಲಸ ಹಿಡಿದ ಮೊದಲ ದಿನ ಡೊಲೋರೆಸ್ ಸಿಲಿಂಡರಿನ ತೂತುಗಳನ್ನು ತೋರಿಸಿದ್ದು ಸಾಲದೆ ಟಾರ್ಚು ಬಿಟ್ಟು ನೋಡಿದರು. ಸಿಲಿಂಡರನ್ನೇ ಬಿಚ್ಚಿಟ್ಟ ಮೇಲೂ ನಳಿಕೆಯ ಬಾಯಿ ತಮ್ಮ ಕಡೆ ಇರದಂತೆ ಮೇಜಿನ ಇನ್ನೊಂದು ಬದಿಗೆ ಕುರ್ಚಿ ಎಳೆದುಕೊಂಡರು. ಪದ್ಮ ಎಮರಿ ಪೇಪರನ್ನು ಸಪಾಟಾದ ಗಾಜಿನ ತುಂಡಿಗೆ ಸುತ್ತಿ ಕೊಟ್ಟಳು. ಬೆರಳಿನಿಂದ ಉಜ್ಜಿದರೆ ನಡುವೆ ತಗ್ಗು ಬೀಳುತ್ತದೆ. ಅವರು ಉಜ್ಜಿದ್ದನ್ನು ಎಣಿಸತೊಡಗಿದರು.

"ಎಣಿಸ್ಬೇಡಿ ರೀ, ಕೇಳಿಸ್ಕೊಳ್ಳಿ."

"ಏನ್ ಕೇಳಿಸ್ಕೊಳ್ಳೋದು?"

"ಸದ್ದು. ಪೇಪರ್ ಪೂರ್ತಿ ಕೂತಿದ್ರೆ ಒಂದೇ ಸದ್ದು ಬರತ್ತೆ. ಈಗ ಎರಡು ಬರ್ತಿದೆ. ನಿಮ್ಮ ಮೊಣಕೈ ಮೇಲೆದ್ದಿದೆ."

ಮೊಣಕೈ ಇಳಿಸಿದರು. ಸದ್ದು ಒಂದಾಯಿತು. ವೆಂಕಟರಾಮು ಮುಖ ಅರಳಿತು. ಅಲ್ಲಿಂದ ಮುಂದೆ ಅವರನ್ನು ಮೇಜಿನಿಂದ ಎಬ್ಬಿಸುವುದೇ ಕಷ್ಟವಾಯಿತು. ಊಟಕ್ಕೆ ಕರೆದರೆ, ಈ ಪೇಪರ್ ಮುಗಿಸಿ ಬರ್ತೀನಿ ಎನ್ನುತ್ತಿದ್ದರು. ಪದ್ಮಳಿಗೆ ಒಳಗೊಳಗೇ ಸಂಕಟ. ತಾನು ವರ್ಷಗಟ್ಟಲೆ ಕಲಿತದ್ದನ್ನು ಬರೀ ಬಾಯಿಯಲ್ಲಿ ಹೇಳುತ್ತ, ಕೈ ಕಟ್ಟಿ ಕೂರುವುದು ಸುಲಭವಲ್ಲ. ಒಂದೆರಡು ಸಲ ಪೇಪರ್ ಕಿತ್ತುಕೊಂಡಳು, ಬೆರಳು ನಡುಗಿತು, ವಾಪಸು ಕೊಟ್ಟಳು. ಒಮ್ಮೆ ಸಿಟ್ಟಿನಲ್ಲಿ ಎದ್ದು ಹೋಗಿ ಅಡುಗೆಮನೆಯಲ್ಲಿ ಕೂತಳು. ಆದರೆ ಗ್ಯಾರೇಜಿನಿಂದ ಸದ್ದು ತಪ್ಪಾಗಿ ಕೇಳಿಬಂದಾಗ ಕೂರಲಾಗದೆ, "ಮೊಣಕೈ!" ಎಂದು ಕೂಗಿಕೊಂಡೇ ಹಿಂದಿರುಗಿದಳು. ಡೊಲೋರೆಸ್ ಬಿದ್ದು ಬಿದ್ದು ನಕ್ಕಳು.

ಮಾರ್ಚಿನಲ್ಲಿ ಜಾನ್ವಿ ಬಂದಳು. ಶಿಕಾಗೋ ಪಕ್ಕದ ಹಾಫ್‌ಮನ್ ಎಸ್ಟೇಟ್ಸ್‌ನಿಂದ ಐದು ಗಂಟೆ ಡ್ರೈವ್ ಮಾಡಿಕೊಂಡು, ಡಾಕ್ಟರ ಅಪಾಯಿಂಟ್‌ಮೆಂಟನ್ನು ತಾನೇ ಗೊತ್ತು ಮಾಡಿಕೊಂಡು ಬಂದಿದ್ದಳು. ಅಪ್ಪ ಫೋನಿನಲ್ಲಿ ಎಲ್ಲ ಹೇಳಿಬಿಟ್ಟಿದ್ದರು. ಗ್ಯಾರೇಜಿನಲ್ಲಿ ಮಸಿ ಮೆತ್ತಿದ ಕೈಯ ಅಪ್ಪ, ಮೇಜಿನ ಮೇಲೆ ರಿವಾಲ್ವರು, ಪಕ್ಕದಲ್ಲಿ ಡೊಲೋರೆಸ್ ಆಂಟಿ. ಜಾನ್ವಿ ಗನ್ನಿನ ವಿಷಯ ಎತ್ತಲೇ ಇಲ್ಲ. ಅಮ್ಮನ ಕೈ ಹಿಡಿದುಕೊಂಡು, "ಅಮ್ಮಾ, ವೈ ಡಿಡಂಟ್ ಯು ಟೆಲ್ ಮಿ?" ಎಂದಷ್ಟೇ ಕೇಳಿದಳು.

ನರರೋಗದ ಡಾಕ್ಟರು ಅವಳಿಂದ ಸುರುಳಿ ಬರೆಸಿದರು, ನೀರಿನ ಲೋಟ ಎತ್ತಿಸಿದರು, ನಡೆಸಿ ನೋಡಿದರು, ಕೈಯ ಕೀಲು ಆಡಿಸಿದರು. ಪಾರ್ಕಿನ್ಸನ್ ಅಲ್ಲ ಎಂದರು. ಇದು ಬೇರೆ ಬಗೆಯ ನಡುಕ, ಕೆಲಸ ಮಾಡುವಾಗ ಬರುವಂಥದು, ಬಹಳ ಜನಕ್ಕಿರುತ್ತದೆ. ಮಾತ್ರೆಯಿಂದ ಸ್ವಲ್ಪ ಹಿಡಿತ ಬರಬಹುದು, ಪೂರ್ತಿ ಹೋಗುವುದಿಲ್ಲ. ಪದ್ಮ ಒಂದು ಪ್ರಶ್ನೆ ಕೇಳಿದಳು: "ಚಿಮಟದ ಕೆಲಸ ಮಾಡೋ ಹಾಗಾಗುತ್ತಾ?" ಅವರು ಸುಳ್ಳು ಹೇಳಲಿಲ್ಲ. ಕಷ್ಟ ಎಂದರು.

ಕಾರಿನಲ್ಲಿ ಅವಳು ಅತ್ತಳು. ಬದುಕಿದೆ ಎಂಬ ಸಮಾಧಾನಕ್ಕೋ, ಆ ಕೆಲಸ ಹೋಯಿತೆಂಬ ದುಃಖಕ್ಕೋ ಅವಳಿಗೇ ತಿಳಿಯಲಿಲ್ಲ. ವೆಂಕಟರಾಮು ಹೈವೇಯಿಂದ ಇಳಿಯುವ ಎಕ್ಸಿಟ್ ತಪ್ಪಿಸಿಕೊಂಡು ಮೂರು ಮೈಲಿ ಸುತ್ತಿ ಮನೆ ಸೇರಿದರು.

ಏಪ್ರಿಲ್ ಕೊನೆಯ ಹೊತ್ತಿಗೆ ರಿವಾಲ್ವರ್ ಸಿದ್ಧವಾಯಿತು. ಕೊನೆಯಲ್ಲಿ ಬೂದು ಬಣ್ಣದ ನಾರಿನ ಪ್ಯಾಡಿನಿಂದ ಒಂದೇ ದಿಕ್ಕಿಗೆ ಎಳೆದಾಗ ಕನ್ನಡಿಯ ಥಳಕಿಲ್ಲದೆ, ಮೋಡದ ಮರೆಯ ಬೆಳಕಿನಂಥ ತಣ್ಣನೆಯ ಹೊಳಪು ಬಂತು. ಗೀರು ಹೋಗಿತ್ತು. ಮೂತಿಯ ಹತ್ತಿರ ಆಳಕ್ಕೆ ಇಳಿದಿದ್ದ ಎರಡು ಚುಕ್ಕೆಗಳನ್ನು ಪದ್ಮ ಬೇಕೆಂದೇ ಹಾಗೇ ಉಳಿಸಿದಳು. ಅವನ್ನು ತೆಗೆಯಲು ಹೋದರೆ ನಳಿಕೆಯ ಆಕಾರವೇ ಹೋಗುತ್ತಿತ್ತು. ಡೊಲೋರೆಸ್ ಮೊದಲು ಅದನ್ನು ಗನ್ ರಿಪೇರಿಯವನಲ್ಲಿಗೆ ಒಯ್ದಳು. ಅವನು ಒಳಗಿನದನ್ನೆಲ್ಲ ನೋಡಿ, ಎಣ್ಣೆ ಬಿಟ್ಟು, ಸರಿಯಾಗಿದೆ ಎಂದು ಕೊಟ್ಟ.

ಅಕಾಡೆಮಿಯ ಸಮಾರಂಭದ ಮರುದಿನ ಡೊಲೋರೆಸ್ ಮನೆಯ ಹಿತ್ತಿಲಿನಲ್ಲಿ ಊಟ. ಟಮಾರಾ ಎತ್ತರದ ಹುಡುಗಿ, ಸಮವಸ್ತ್ರದ ಬಿಗುವು ಇನ್ನೂ ಅವಳ ನಡಿಗೆಯಲ್ಲಿತ್ತು. ಮನೆಯೊಳಗೆ ಅಜ್ಜಿ ಪೆಟ್ಟಿಗೆ ಕೈಗಿಟ್ಟಾಗ ಅವಳು ಮೊದಲು ಸಿಲಿಂಡರ್ ತೆರೆದು ನೋಡಿದಳು. ಡೊಲೋರೆಸ್ ಮುಖ ತಿರುಗಿಸಿಕೊಂಡು ಕಿಟಕಿಯಾಚೆ ನೋಡಿದಳು. ಟಮಾರಾ ನಳಿಕೆಯ ಮೇಲೆ ಹೆಬ್ಬೆರಳು ಆಡಿಸಿ, ಎರಡು ಚುಕ್ಕೆಗಳ ಹತ್ತಿರ ನಿಲ್ಲಿಸಿದಳು. "ಈ ಎರಡು ಚುಕ್ಕೆ ಬಿಟ್ಟರೆ ತಾತನ ಕೈಯಲ್ಲಿ ಇದು ಹೀಗೇ ಕಾಣ್ತಿತ್ತು," ಅಂದಳು. ಯಾರು ಮಾಡಿದ್ದು ಎಂದು ಕೇಳಿದಾಗ ವೆಂಕಟರಾಮು ಪದ್ಮಳನ್ನು ತೋರಿಸಿದರು, ಪದ್ಮ ವೆಂಕಟರಾಮುವನ್ನು ತೋರಿಸಿದಳು.

ಬೇಸಿಗೆಯಲ್ಲಿ ಕನ್ನಡ ಕೂಟದ ಪಿಕ್ನಿಕ್ಕು. ಪಾರ್ಕಿನ ಮರದ ಮೇಜುಗಳ ಮೇಲೆ ಬಿಸಿಬೇಳೆ ಭಾತು, ಮೊಸರನ್ನದ ದೊಡ್ಡ ಟ್ರೇಗಳು. ಶ್ರೀಲತಾ ಎಂಬಾಕೆ ಸಾರಿನ ಸೌಟನ್ನು ಪದ್ಮಳ ಕಡೆ ಚಾಚಿ, "ಪದ್ಮ ಆಂಟಿ, ನೀವು ಈ ಸಾಲಿಗೆ ಬಡಿಸ್ತೀರಾ?" ಎಂದಳು.

ಕಳೆದ ವರ್ಷವಾದರೆ ಪದ್ಮ ಸೊಂಟನೋವೋ, ಫೋನೋ, ಏನಾದರೊಂದು ನೆಪ ಹುಡುಕುತ್ತಿದ್ದಳು.

"ನನ್ನ ಕೈ ನಡುಗತ್ತೆ ಕಣಮ್ಮ," ಎಂದಳು ಎಲ್ಲರಿಗೂ ಕೇಳುವಂತೆ. "ಸಾರು ಅವರ ಬಟ್ಟೆಗೆ ಬಡಿಸ್ಬಿಡ್ತೀನಿ. ಹಪ್ಪಳ ಕೊಡು, ಅದನ್ನ ಹಾಕ್ತೀನಿ."

ಶ್ರೀಲತಾ ಹಪ್ಪಳದ ಬುಟ್ಟಿ ತಂದುಕೊಟ್ಟಳು. ಸಾಲಿನಲ್ಲಿದ್ದ ಹಿರಿಯರೊಬ್ಬರು, "ನಂದೂ ಹಾಗೇನಮ್ಮ, ನೋಡಿಲ್ಲಿ," ಎಂದು ತಟ್ಟೆ ಹಿಡಿದ ತಮ್ಮ ಕೈಯನ್ನು ಮುಂದೆ ಚಾಚಿದರು. ಪದ್ಮ ಅವರ ತಟ್ಟೆಗೆ ಎರಡು ಹಪ್ಪಳ ಹಾಕಿ, ಯಾವ ಡಾಕ್ಟರ ಹತ್ತಿರ ಹೋಗ್ತಿದೀರಿ ಎಂದು ವಿಚಾರಿಸತೊಡಗಿದಳು.